ಏನು ಕೆಲಸ ಮಾಡ್ತೀರಿ? ನಡುನೋವಿನ ಮೊದಲ ಪ್ರಶ್ನೆ

ಕಾಲುವೆಗೆ ನೀರು ಬಿಟ್ಟರೆಂದರೆ ಸಿರುಗುಪ್ಪ, ಕುರುಗೋಡು ತಾಲ್ಲೂಕಿನ ಹಳ್ಳಿಗಳ ಹೆಣ್ಣಾಳುಗಳಿಗೆ ಬಿಡುವಿಲ್ಲ. ಜುಲೈ, ಆಗಸ್ಟ್ ತಿಂಗಳಲ್ಲಿ ಭತ್ತದ ನಾಟಿ. ತುಂಗಭದ್ರಾ ಜಲಾಶಯದಲ್ಲಿ ನೀರು ಉಳಿದಿದ್ದರೆ ಸಂಕ್ರಾಂತಿಯ ಆಸುಪಾಸು ಮತ್ತೊಮ್ಮೆ. ಗುಂಪು ಕಟ್ಟಿಕೊಂಡು, ಎಕರೆಗೆ ಇಷ್ಟು ಎಂದು ಗುತ್ತಿಗೆ ಮಾತಾಡಿಕೊಂಡು ಗದ್ದೆಗಿಳಿದರೆ ಹೊತ್ತು ಮುಳುಗುವವರೆಗೆ ನಡು ಬಗ್ಗಿಯೇ ಇರಬೇಕು. ಕಾಲು ಕೆಸರಿನಲ್ಲಿ, ಕಣ್ಣು ಸಸಿಯ ಮೇಲೆ, ಹೆಜ್ಜೆ ಹಿಂದಕ್ಕೆ. ಕೊಯ್ಲು ಮುಗಿದ ಮೇಲೆ ಸರದಿ ಹಮಾಲರದು. ಈ ಸೀಮೆಯಲ್ಲಿ ಭತ್ತದ ದರ ಮಾತಾಡುವುದೇ 75 ಕಿಲೋ ಚೀಲದ ಲೆಕ್ಕದಲ್ಲಿ. ಆ ಚೀಲ ಕಣದಿಂದ ಲಾರಿಗೆ, ಲಾರಿಯಿಂದ ರೈಸ್ ಮಿಲ್ಲಿಗೆ ಹೋಗುವುದು ಮನುಷ್ಯರ ಬೆನ್ನ ಮೇಲೆ. ಬಳ್ಳಾರಿ ನಗರದ ಜೀನ್ಸ್ ಘಟಕಗಳಲ್ಲಿ ದಪ್ಪ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳುತ್ತ ದಿನವಿಡೀ ಕತ್ತು ಬಗ್ಗಿಸಿ ಕೂರುವವರಿದ್ದಾರೆ. ಸಂಡೂರಿನ ಅದಿರು ತುಂಬಿಕೊಂಡು ಗುಂಡಿ ಬಿದ್ದ ರಸ್ತೆಗಳಲ್ಲಿ ಲಾರಿ ಓಡಿಸುವವರೂ ಇದ್ದಾರೆ.

ಇವರೆಲ್ಲ ಒಂದಲ್ಲ ಒಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂರುತ್ತಾರೆ. ಒಬ್ಬರದು ಟೊಂಕ ನೋವು, ಇನ್ನೊಬ್ಬರಿಗೆ ಕುತ್ತಿಗೆ ಹಿಡಿದಿದೆ, ಮತ್ತೊಬ್ಬರಿಗೆ ಕಾಲಿಗೆ ಎಳೆತ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದರು. ರೋಗಿಗೆ ಕೇಳಬೇಕಾದ ಪ್ರಶ್ನೆಗಳ ಹಳೆಯ ಪಟ್ಟಿಗೆ ಅವರು ಇನ್ನೊಂದನ್ನು ಸೇರಿಸಿದರು: ನೀವು ಏನು ಕೆಲಸ ಮಾಡುತ್ತೀರಿ? ಮುನ್ನೂರು ವರ್ಷ ಕಳೆದರೂ ಬೆನ್ನುನೋವಿನ ಮಟ್ಟಿಗೆ ಇದಕ್ಕಿಂತ ಉಪಯುಕ್ತ ಪ್ರಶ್ನೆ ಸಿಕ್ಕಿಲ್ಲ. ನಮ್ಮ ಕಿಕ್ಕಿರಿದ ಹೊರರೋಗಿ ವಿಭಾಗಗಳಲ್ಲಿ ಎಷ್ಟೋ ಸಲ ಕೈಬಿಟ್ಟುಹೋಗುವುದೂ ಇದೇ ಪ್ರಶ್ನೆ. ರೋಗಿಯನ್ನು ಮುಟ್ಟುವ ಮೊದಲೇ ಸ್ಕ್ಯಾನಿಂಗ್ ಚೀಟಿ ಸಿದ್ಧವಾಗಿರುತ್ತದೆ.

ಬಗ್ಗುವುದಕ್ಕೂ ಬೆನ್ನಿನೊಳಗಿನ ಒತ್ತಡಕ್ಕೂ ಇರುವ ನಂಟನ್ನು ಅಳೆದು ನೋಡಿದವರು ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್. 1960ರ ದಶಕದಲ್ಲಿ ಅವರು ಸ್ವಯಂಸೇವಕರ ಸೊಂಟದ ಮಣಿಗಳ ನಡುವಿನ ಡಿಸ್ಕಿನೊಳಕ್ಕೆ ತೆಳು ಸೂಜಿ ಇಳಿಸಿ ಒತ್ತಡವನ್ನು ದಾಖಲಿಸಿದರು. ನೆಟ್ಟಗೆ ನಿಂತಾಗಿನ ಒತ್ತಡವನ್ನು 100 ಎಂದು ಹಿಡಿದರೆ ಅಂಗಾತ ಮಲಗಿದಾಗ ಅದು ಸುಮಾರು 25ಕ್ಕೆ ಇಳಿಯುತ್ತಿತ್ತು. ನಿಂತು ಮುಂದಕ್ಕೆ ಬಾಗಿದರೆ 150, ಬಾಗಿದಾಗ ಕೈಯಲ್ಲಿ ಭಾರವೂ ಇದ್ದರೆ 220. ಆಮೇಲಿನ ಸಂಶೋಧಕರು ಕುಳಿತ ಭಂಗಿಯ ಅಂಕಿಗಳನ್ನು ತಿದ್ದಿದರಾದರೂ ಬಾಗಿ ಭಾರ ಎತ್ತಿದರೆ ಒತ್ತಡ ಏರುತ್ತದೆ ಎಂಬುದು ಹಾಗೆಯೇ ಉಳಿಯಿತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಎಲ್ಲವೂ ಅನುಕೂಲವಾಗಿರುವ ಸ್ಥಿತಿಯಲ್ಲೂ ಒಬ್ಬರು ಕೈಯಿಂದ ಎತ್ತಬಹುದಾದ ಭಾರಕ್ಕೆ 23 ಕಿಲೋ ಮಿತಿ ಹಾಕಿಕೊಂಡಿದೆ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಿದ್ದರೆ ಅದನ್ನು ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತು. ಸಿರುಗುಪ್ಪದ ಚೀಲವನ್ನು ಈ ಎರಡು ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮ ಬೆನ್ನಿನಲ್ಲಿ ಬಿಡಿಬಿಡಿಯಾಗಿ ಅಲುಗಾಡುವ ಮಣಿಗಳು 24: ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆ ಇರುತ್ತದೆ. ಅದರ ಅಂಚು ನಾರಿನಂತೆ ಗಟ್ಟಿ, ಒಡಲು ನೀರು ತುಂಬಿದ ಲೋಳೆ. ಹೋಳಿಗೆಯ ಒಂದು ಬದಿಯನ್ನು ಅದುಮಿದರೆ ಹೂರಣ ಇನ್ನೊಂದು ಬದಿಗೆ ನುಗ್ಗುವಂತೆ, ಮುಂದಕ್ಕೆ ಬಾಗಿದಾಗ ಒಳಗಿನ ಲೋಳೆ ಹಿಂಬದಿಗೆ ಒತ್ತುತ್ತದೆ. ಅಂಚು ಸವೆದಿದ್ದರೆ ಒಂದು ದಿನ ಹೊರಕ್ಕೆ ಉಬ್ಬಿ ಪಕ್ಕದ ನರವನ್ನು ಒತ್ತುತ್ತದೆ. ಜನ ‘ಡಿಸ್ಕ್ ಜಾರಿದೆ’ ಅನ್ನುವುದು ಇದಕ್ಕೇ. ಬಹುತೇಕ ಸಲ ಇದು ಆಗುವುದು ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲಿ. ಅಲ್ಲಿಂದ ಹೊರಡುವ ನರಗಳು ಪಿರ್ರೆ, ತೊಡೆಯ ಹಿಂಭಾಗ, ಮೀನಖಂಡ ದಾಟಿ ಪಾದದವರೆಗೆ ಇಳಿಯುತ್ತವೆ. ಹಾಗಾಗಿ ಒತ್ತು ಬಿದ್ದದ್ದು ಸೊಂಟದಲ್ಲಾದರೂ ಚಳುಕು ಹೊಡೆಯುವುದು ಕಾಲಿನಲ್ಲಿ. ಈ ನೋವಿಗೂ ಡಿಸ್ಕಿಗೂ ಇರುವ ಸಂಬಂಧವನ್ನು ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು 1934ರಲ್ಲಿ ಪ್ರಕಟಿಸಿದ ಮೇಲೆಯೇ ವೈದ್ಯಲೋಕ ಅದನ್ನು ಒಪ್ಪಿತು.

ಇದನ್ನು ಪತ್ತೆ ಮಾಡಲು ಯಂತ್ರವೇ ಬೇಕೆಂದಿಲ್ಲ. ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಬಗ್ಗದಂತೆ ಕಾಲನ್ನು ಮೆಲ್ಲನೆ ಮೇಲಕ್ಕೆತ್ತಬೇಕು. 30ರಿಂದ 70 ಡಿಗ್ರಿಯ ನಡುವೆ ಎಲ್ಲೋ ಒಂದು ಕಡೆ ಮೊಣಕಾಲಿನ ಕೆಳಗಿನವರೆಗೂ ಎಳೆತ ಹರಿದರೆ ನರಕ್ಕೆ ಒತ್ತು ಬಿದ್ದಿರುವ ಸಂಭವ ಹೆಚ್ಚು. ಹೆಬ್ಬೆರಳನ್ನು ಮೇಲಕ್ಕೆ ಎತ್ತಲು ಶಕ್ತಿ ಸಾಲದಿದ್ದರೆ ಐದನೇ ಸೊಂಟದ ನರ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಟ್ಟಿದಾಗ ಪಾದ ಮಿಡುಕದಿದ್ದರೆ ಅದರ ಕೆಳಗಿನ ನರ. ತುದಿಗಾಲಲ್ಲಿ ನಾಲ್ಕು ಹೆಜ್ಜೆ, ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಸಿದರೂ ಸಾಕಷ್ಟು ಗೊತ್ತಾಗುತ್ತದೆ. ಇಷ್ಟಕ್ಕೆ ಹಿಡಿಯುವುದು ಹತ್ತು ನಿಮಿಷ. ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಯಲ್ಲೂ, ಕುರುಗೋಡಿನ ಯಾವುದೇ ಕ್ಲಿನಿಕ್ಕಿನಲ್ಲೂ ಮಾಡಬಹುದಾದ ಪರೀಕ್ಷೆ ಇದು.

ಹಾಗಾದರೆ ಎಂಆರ್‌ಐ? ಅದು ಅಮೂಲ್ಯ ಸಾಧನ, ಅನುಮಾನವಿಲ್ಲ. ಆದರೆ ಅದು ತೋರಿಸುವುದೆಲ್ಲ ರೋಗವಲ್ಲ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ಶೇ. 36ರಷ್ಟು ಮಾತ್ರ. 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ನೋವಿಲ್ಲದ ಇಪ್ಪತ್ತರ ಹರೆಯದವರಲ್ಲೂ ಶೇ. 37ರಷ್ಟು ಮಂದಿಗೆ ಡಿಸ್ಕ್ ಸವೆತ ಕಂಡಿತು. ಎಂಬತ್ತು ವರ್ಷದವರಲ್ಲಿ ಅದು ಶೇ. 96. ಅಂದರೆ ನಲವತ್ತು ದಾಟಿದ ರೈತರೊಬ್ಬರ ಸ್ಕ್ಯಾನಿಂಗ್ ವರದಿಯಲ್ಲಿ ‘ಡಿಸ್ಕ್ ಉಬ್ಬಿದೆ, ಸವೆದಿದೆ’ ಎಂದು ಬಂದರೆ ಅದು ತಲೆಗೂದಲು ನರೆತಿದೆ ಎಂಬ ವರದಿಗಿಂತ ಹೆಚ್ಚೇನನ್ನೂ ಹೇಳದೆಯೂ ಇರಬಹುದು. ಚಿತ್ರ, ರೋಗಿ ಹೇಳುವ ಕಥೆ, ವೈದ್ಯರ ಕೈಗೆ ಸಿಕ್ಕ ಲಕ್ಷಣ ಈ ಮೂರೂ ಒಂದೇ ನರವನ್ನು ಬೊಟ್ಟು ಮಾಡಿದಾಗಲೇ ಎಂಆರ್‌ಐಗೆ ಅರ್ಥ. ವರದಿಯ ಒಂದು ಸಾಲಿಗೆ ಹೆದರಿ ಹೊಲದ ಕೆಲಸವನ್ನೇ ಬಿಟ್ಟು, ಬೆಲ್ಟ್ ಕಟ್ಟಿಕೊಂಡು ವರ್ಷಗಟ್ಟಲೆ ಮಂಚ ಹಿಡಿಯುವವರಿಗೆ ಈ ಮಾತನ್ನು ಯಾರಾದರೂ ಬಿಡಿಸಿ ಹೇಳಬೇಕು.

ಸ್ಕ್ಯಾನ್ ತಡಮಾಡದೆ ಆಗಲೇಬೇಕಾದ ಸಂದರ್ಭಗಳು ಬೇರೆ. ಮೂತ್ರ ಕಟ್ಟಿದರೆ, ಮಲಮೂತ್ರದ ಹತೋಟಿ ತಪ್ಪಿದರೆ, ತೊಡೆಸಂದಿಯಲ್ಲಿ, ಕೂರುವ ಜಾಗದಲ್ಲಿ ಜೋಮು ಹಿಡಿದು ಸ್ಪರ್ಶವೇ ತಿಳಿಯದಿದ್ದರೆ ಅದು ಬೆನ್ನುಹುರಿಯ ಕೆಳತುದಿಯ ನರಗುಚ್ಛಕ್ಕೆ ಬಿದ್ದ ಒತ್ತು. ಅಲ್ಲಿ ಲೆಕ್ಕ ಗಂಟೆಗಳದ್ದು. 48 ಗಂಟೆಯೊಳಗೆ, ಸಾಧ್ಯವಾದರೆ ಇನ್ನೂ ಬೇಗ, ಶಸ್ತ್ರಚಿಕಿತ್ಸೆಯಿಂದ ಒತ್ತು ತೆಗೆಯದಿದ್ದರೆ ಹತೋಟಿ ಮರಳಿ ಬಾರದೆ ಹೋಗಬಹುದು. ಈ ಲಕ್ಷಣಗಳನ್ನು ಬಾಯಿಬಿಟ್ಟು ಹೇಳಲು ಹಳ್ಳಿಯ ಹೆಣ್ಣುಮಕ್ಕಳು ಸಂಕೋಚಪಡುತ್ತಾರೆ. ಕೇಳುವ ಜವಾಬ್ದಾರಿ ವೈದ್ಯರದು, ನರ್ಸಮ್ಮನದು, ಆಶಾ ಕಾರ್ಯಕರ್ತೆಯದು.

ರಾತ್ರಿಯೂ ಬಿಡದ ನೋವು, ಸಂಜೆ ಹೊತ್ತಿನ ಸಣ್ಣ ಜ್ವರ, ಇಳಿಯುತ್ತಿರುವ ತೂಕ ಒಟ್ಟಿಗೆ ಬಂದರೆ ಅದು ಹಮಾಲಿಯ ದಣಿವಲ್ಲ. ಬೆನ್ನಿನ ಕ್ಷಯ ಇದ್ದೀತು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಇದನ್ನು ವಿವರಿಸಿದರು. ಅವರ ಹೆಸರೇ ಇದಕ್ಕೆ ನಿಂತಿದೆ. ಈಜಿಪ್ಟಿನ ಮಮ್ಮಿಗಳ ಬೆನ್ನೆಲುಬಿನಲ್ಲೂ ಇದರ ಗುರುತು ಸಿಕ್ಕಿದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗದಷ್ಟು ಜನ ಭಾರತದವರು. ಮೂಳೆಗೆ ತಗಲುವ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಬೆನ್ನಿನದೇ. ಮೋಸ ಮಾಡುವ ಕಾಯಿಲೆ ಇದು. ಕೆಮ್ಮಿಲ್ಲ, ಕಫವಿಲ್ಲ, ಆದ್ದರಿಂದ ಯಾರೂ ಕ್ಷಯವೆಂದು ಅಂದುಕೊಳ್ಳುವುದಿಲ್ಲ. ಮಾತ್ರೆ ನುಂಗುತ್ತ, ಎಣ್ಣೆ ತಿಕ್ಕಿಸಿಕೊಳ್ಳುತ್ತ ತಿಂಗಳುಗಳು ಉರುಳುತ್ತವೆ. ಅಷ್ಟರಲ್ಲಿ ಕ್ರಿಮಿ ಮಣಿಯನ್ನು ಮುಂಭಾಗದಿಂದ ತಿಂದುಹಾಕಿ, ಬೆನ್ನು ಕುಸಿದು ಗೂನು ಮೂಡುತ್ತದೆ. ಕೀವು ಬೆನ್ನುಹುರಿಯನ್ನು ಒತ್ತಿದರೆ ಕಾಲುಗಳೇ ಸೋಲುತ್ತವೆ. ಎಂಆರ್‌ಐ ಇಲ್ಲಿ ನಿಜವಾದ ಆಪದ್ಬಾಂಧವ. ಸೂಜಿಯಿಂದ ತುಣುಕು ತೆಗೆದು ಸಿಬಿನ್ಯಾಟ್ ಯಂತ್ರದಲ್ಲಿ ಪರೀಕ್ಷಿಸಿದರೆ ಕ್ಷಯದ ಕ್ರಿಮಿ ಇದೆಯೇ, ಅದು ರಿಫಾಂಪಿಸಿನ್ ಔಷಧಕ್ಕೆ ಬಗ್ಗುತ್ತದೋ ಇಲ್ಲವೋ ಎಂಬುದು ತಿಳಿಯುತ್ತದೆ. ಶ್ವಾಸಕೋಶದ ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧ, ಬೆನ್ನಿಗಾದರೆ ಕನಿಷ್ಠ ಹನ್ನೆರಡು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಔಷಧ ನಡುವೆ ಬಿಡದಿದ್ದರೆ ಬಹಳಷ್ಟು ಮಂದಿ ಚಾಕು ಮುಟ್ಟಿಸಿಕೊಳ್ಳದೆಯೇ ಗುಣವಾಗುತ್ತಾರೆ.

ಈ ನೆಲಕ್ಕೆ ಅಂಟಿದ ಇನ್ನೊಂದು ಬೆನ್ನಿನ ಕಾಯಿಲೆ ನೀರಿನಿಂದ ಬರುವಂಥದ್ದು. 1937ರಲ್ಲಿ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ ಬೆನ್ನು ಕೊರಡಾಗಿ ಬಗ್ಗಲಾಗದ ಜನರನ್ನು ಪರೀಕ್ಷಿಸಿದ ವೈದ್ಯರು ಅದು ಬಾವಿ ನೀರಿನ ಫ್ಲೋರೈಡ್ ವಿಷ ಎಂದು ಗುರುತಿಸಿದರು. ದೇಶದಲ್ಲಿ ಫ್ಲೋರೋಸಿಸ್ ಮೊದಲು ಬೆಳಕಿಗೆ ಬಂದದ್ದು ಹಾಗೆ. ಆಗ ಬಳ್ಳಾರಿಯೂ ಅದೇ ಪ್ರಾಂತ್ಯದ ಜಿಲ್ಲೆ. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಇಲ್ಲಿನ ಕಣಶಿಲೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ನೀರು ಬಂಡೆಯೊಂದಿಗೆ ಹೆಚ್ಚು ಕಾಲ ಕೂಡಿದ್ದು ಅದನ್ನು ಕರಗಿಸಿಕೊಂಡು ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಆ ಪ್ರಮಾಣ ಇನ್ನೂ ಹೆಚ್ಚಿದ್ದರೆ ಮುಂದೆ ಮೂಳೆ ದಪ್ಪಗಾಗಿ, ಮಣಿಗಳನ್ನು ಹಿಡಿದಿಟ್ಟ ಕಟ್ಟುಗಳಲ್ಲಿ ಸುಣ್ಣ ಕೂತು, ಬೆನ್ನೆಲುಬು ಒಂದೇ ಕೋಲಿನಂತೆ ಸೆಟೆಯುತ್ತದೆ. ಕೊನೆಗೆ ಬೆನ್ನುಹುರಿಯ ಜಾಗವೂ ಕಿರಿದಾಗುತ್ತದೆ.

ಇದನ್ನು ಶಂಕಿಸಲು ಆರೋಗ್ಯ ಕಾರ್ಯಕರ್ತರಿಗೆ ಕಲಿಸಿರುವ ಪರೀಕ್ಷೆ ತೀರಾ ಸರಳ. ನೆಲದ ಮೇಲೊಂದು ನಾಣ್ಯ ಇಟ್ಟು, ಮೊಣಕಾಲು ಬಗ್ಗಿಸದೆ ಎತ್ತಿಕೊಳ್ಳಿ ಅನ್ನುವುದು. ಆಮೇಲೆ ಗದ್ದವನ್ನು ಎದೆಗೆ ತಾಗಿಸಿ ಅನ್ನುವುದು. ಎರಡೂ ಆಗದವರ ಮುಂಗೈಯ ಎಕ್ಸ್‌ರೇ ತೆಗೆದರೆ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿರುವುದು ಕಾಣಬಹುದು. ಸೆಟೆದ ಬೆನ್ನನ್ನು ಮತ್ತೆ ಮೊದಲಿನಂತೆ ಮಾಡುವ ಔಷಧಿ ಇಲ್ಲ. ಆದ್ದರಿಂದ ನೀರು ಬದಲಿಸುವುದೇ ಮುಖ್ಯ ಚಿಕಿತ್ಸೆ, ಜೊತೆಗೆ ಹಾಲು, ಸೊಪ್ಪು, ನೆಲ್ಲಿಕಾಯಿಯಂಥ ಕ್ಯಾಲ್ಸಿಯಂ ಮತ್ತು ಸಿ ಜೀವಸತ್ವ ಇರುವ ಆಹಾರ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದ ಮೇಲೆ ಉಳಿದ ನೀರಿನಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ. ಹಳ್ಳಿಹಳ್ಳಿಯಲ್ಲಿ ಕೂತಿರುವ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಅದನ್ನು ಬರಿಯ ನಲ್ಲಿಯ ತಕರಾರು ಅಂದುಕೊಳ್ಳಬಾರದು. ಅದು ಬೆನ್ನಿನ ಚಿಕಿತ್ಸೆಯೇ ನಿಂತಂತೆ.

ಕುತ್ತಿಗೆಯ ವಿಷಯಕ್ಕೆ ಬಂದರೆ, ಕತ್ತು ಬಗ್ಗಿಸಿ ಹೊಲಿಯುವವರಿಗೆ, ಮೊಬೈಲಿನಲ್ಲಿ ಮುಳುಗಿದವರಿಗೆ ಬರುವ ಬಿಗಿತ ಬಹುತೇಕ ಸ್ನಾಯುಗಳದ್ದು. ಅದು ಹೆದರಿಸುವಂಥದ್ದಲ್ಲ. ಮಿಷನ್ನಿನ ಎತ್ತರ, ಕುರ್ಚಿಯ ಬೆನ್ನೊರಗು ಸರಿಮಾಡಿಕೊಳ್ಳುವುದು, ಅರ್ಧ ಗಂಟೆಗೊಮ್ಮೆ ಎದ್ದು ಭುಜ ತಿರುಗಿಸುವುದು ಇದಕ್ಕೆ ಸಾಕು. ತೋಳಿಗೆ ಹರಿಯುವ ಚಳುಕು ಇದ್ದರೆ ಅದು ನರದ್ದು. ಅದೂ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಎಚ್ಚರ ವಹಿಸಬೇಕಾದದ್ದು ನೋವೇ ಇಲ್ಲದೆ ಬರುವ ಇನ್ನೊಂದಕ್ಕೆ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ಸೂಜಿಗೆ ದಾರ ಪೋಣಿಸಲಾಗದಿರುವುದು, ಬದುವಿನ ಮೇಲೆ ನಡೆಯುವಾಗ ತೂಕ ತಪ್ಪುವುದು. ಕುತ್ತಿಗೆಯಲ್ಲಿ ಬೆನ್ನುಹುರಿಯೇ ಇರುಕಿಗೆ ಸಿಕ್ಕಿದಾಗ ಹೀಗಾಗುತ್ತದೆ. ತಲೆಯ ಮೇಲೆ ಭಾರ ಹೊರುವವರ ಕುತ್ತಿಗೆಯಲ್ಲಿ ಸವೆತ ಹೆಚ್ಚೆಂದು ಆಫ್ರಿಕಾದ ಘಾನಾದಲ್ಲಿ ನಡೆದ ಅಧ್ಯಯನ ತೋರಿಸಿದೆ. ಇರುಕು ಹೆಚ್ಚುತ್ತಿದ್ದರೆ ಮುಲಾಮು, ಮಾಲೀಸಿನಿಂದ ಪ್ರಯೋಜನವಿಲ್ಲ, ಕುತ್ತಿಗೆ ತಿರುವಿಸಿಕೊಳ್ಳುವುದಂತೂ ಅಪಾಯ.

ಉಳುಕು ತೆಗೆಯುವವರು ಈ ಭಾಗದಲ್ಲಿ ಇಂದಿಗೂ ಬೇಡಿಕೆಯಲ್ಲಿದ್ದಾರೆ. ಮುರಿದ ಕೈಗೆ ಪುತ್ತೂರು ಕಟ್ಟು ಹಾಕಿಸುವ ರೂಢಿಯೂ ಇದೆ. ಸ್ನಾಯು ಹಿಡಿದಾಗ ಬೆಚ್ಚಗೆ ಎಣ್ಣೆ ತಿಕ್ಕಿದರೆ ಹಿತವೆನಿಸುವುದು ಸಹಜವೇ. ಆದರೆ ಕ್ಷಯದಿಂದ ಟೊಳ್ಳಾದ, ಮುಪ್ಪಿನಿಂದ ಸವೆದ ಬೆನ್ನನ್ನು ತುಳಿಸಿದರೆ, ಒದೆಸಿದರೆ ಮಣಿ ಮುರಿಯಬಹುದು. ಅಷ್ಟೇ ಅಪಾಯ ಕೆಲವೆಡೆ ಊರ ಡಾಕ್ಟರರು ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ನಿನದು. ಬೆಳಗ್ಗೆ ಚುಚ್ಚಿಸಿಕೊಂಡರೆ ಮಧ್ಯಾಹ್ನಕ್ಕೆ ಮತ್ತೆ ಚೀಲ ಹೊರಬಹುದು, ಆದ್ದರಿಂದಲೇ ಜನ ಅದನ್ನು ನಂಬುತ್ತಾರೆ. ಪದೇ ಪದೇ ತೆಗೆದುಕೊಂಡರೆ ಮೂಳೆ ಪೊಳ್ಳಾಗುತ್ತದೆ, ಸಕ್ಕರೆ ಕಾಯಿಲೆ ಏರುತ್ತದೆ. ಅಂಗಡಿಯಿಂದ ತಂದು ದಿನಾ ನುಂಗುವ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಏಟು ಕೊಡುತ್ತದೆ. ಬಿರುಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಆ ಏಟು ಜೋರು.

ಬಳ್ಳಾರಿಯ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿನಂಥ ಕಡೆ ಕಾಲಿನ ಎಳೆತಕ್ಕೆ ಕಟಿಬಸ್ತಿ, ಅಂದರೆ ಸೊಂಟದ ಮೇಲೆ ಬೆಚ್ಚನೆಯ ಎಣ್ಣೆ ನಿಲ್ಲಿಸುವ ಆರೈಕೆ, ಮಾಡಿಸಿಕೊಳ್ಳುವವರಿದ್ದಾರೆ. ಮೇಲೆ ಹೇಳಿದ ಅಪಾಯದ ಲಕ್ಷಣಗಳು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಅಂಥ ಆರೈಕೆಗೆ ಯಾರ ಅಡ್ಡಿಯೂ ಬೇಡ.

ಉಳಿದಂತೆ ಹತ್ತರಲ್ಲಿ ಒಂಬತ್ತು ಬೆನ್ನುನೋವುಗಳಿಗೆ ಹೀಗೇ ಎಂದು ಬೊಟ್ಟು ಮಾಡುವ ಒಂದು ಕಾರಣ ಸಿಗುವುದಿಲ್ಲ, ಹೆಚ್ಚಿನವು ಆರು ವಾರದೊಳಗೆ ತಗ್ಗುತ್ತವೆ. ಹೊರಬಂದ ಡಿಸ್ಕಿನ ತುಣುಕನ್ನು ಕೂಡ ದೇಹ ತಾನೇ ಕರಗಿಸಿಕೊಳ್ಳುವುದುಂಟು. ಮಂಚದ ಮೇಲಿನ ವಿಶ್ರಾಂತಿ ಒಳ್ಳೆಯದೆಂಬ ಹಳೆಯ ನಂಬಿಕೆ 1986ರಲ್ಲೇ ಅಲುಗಾಡಿತು. ಏಳು ದಿನ ಮಲಗಿದವರಿಗಿಂತ ಎರಡೇ ದಿನ ಮಲಗಿದವರು ಬೇಗ ಕೆಲಸಕ್ಕೆ ಮರಳಿದರು, ನೋವು ಇಬ್ಬರಿಗೂ ಒಂದೇ ರೀತಿ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ದೀರ್ಘಕಾಲದ ಸೊಂಟನೋವಿಗೆ ತಿಳಿವಳಿಕೆ, ವ್ಯಾಯಾಮ, ದೇಹಮನಸ್ಸುಗಳ ಆರೈಕೆಯನ್ನು ಮುಂದಿಟ್ಟಿತು. ಸೊಂಟದ ಬೆಲ್ಟ್ ಮತ್ತು ಟ್ರ್ಯಾಕ್ಷನ್ ಅನ್ನು ವಾಡಿಕೆಯಾಗಿ ಬಳಸಬೇಡಿ ಎಂದಿತು. ಬಳ್ಳಾರಿಯ ಎಷ್ಟೋ ಔಷಧಿ ಅಂಗಡಿಗಳ ಮುಂದೆ ತೂಗುವ ಬೆಲ್ಟುಗಳನ್ನು ಕಂಡಾಗ ಆ ಮಾತು ಇಲ್ಲಿಗೆ ಇನ್ನೂ ತಲುಪಿಲ್ಲ ಅನ್ನಿಸುತ್ತದೆ.

ಆರು ವಾರ ಕಳೆದರೂ ಕಾಲಿನ ನೋವು ಬಗ್ಗದಿದ್ದರೆ, ಪಾದದ ಶಕ್ತಿ ಕುಗ್ಗುತ್ತಿದ್ದರೆ ಶಸ್ತ್ರಚಿಕಿತ್ಸೆಗೆ ಅರ್ಥವಿದೆ. ಸಣ್ಣ ಗಾಯ ಮಾಡಿ, ಸೂಕ್ಷ್ಮದರ್ಶಕದಡಿ ಡಿಸ್ಕಿನ ಉಬ್ಬಿದ ತುಣುಕನ್ನಷ್ಟೇ ತೆಗೆಯುತ್ತಾರೆ. ಆಪರೇಷನ್ ಆದರೆ ಕಾಲು ಬಿದ್ದುಹೋಗುತ್ತದೆ ಎಂಬ ಭಯದಿಂದ ತಡಮಾಡಿದವರಿಗೇ ಹೆಚ್ಚು ನಷ್ಟ. 1961ರಲ್ಲಿ ಶುರುವಾದ ಬಳ್ಳಾರಿ ಸರ್ಕಾರಿ ವೈದ್ಯಕೀಯ ಕಾಲೇಜು, ಜನರ ಬಾಯಲ್ಲಿ ಈಗಲೂ ‘ವಿಮ್ಸ್’, ಸುತ್ತಲಿನ ಜಿಲ್ಲೆಗಳಿಗೂ ಆಂಧ್ರದ ಗಡಿ ಊರುಗಳಿಗೂ ದೊಡ್ಡಾಸ್ಪತ್ರೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಲಾರಿಯ ಮೇಲಿಂದ, ಮರದಿಂದ ಬಿದ್ದವರ ವಿಷಯ ಮಾತ್ರ ಬೇರೆ. ಅವರನ್ನು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಮುದುರಿ ಕೂರಿಸಿದರೆ ಮುರಿದ ಮಣಿ ಬೆನ್ನುಹುರಿಯನ್ನು ಕೊಯ್ಯಬಹುದು. ಕುತ್ತಿಗೆ ಅಲುಗದಂತೆ ಹಿಡಿದು, ಹಲಗೆಯ ಮೇಲೆ ಮೈಯನ್ನು ಒಟ್ಟಾಗಿ ಹೊರಳಿಸಿ ಮಲಗಿಸಬೇಕು, 108ಕ್ಕೆ ಕರೆ ಮಾಡಬೇಕು.

ಗುಣವಾದವರು ಮತ್ತೆ ಹೋಗುವುದು ಅದೇ ಗದ್ದೆಗೆ, ಅದೇ ಮಿಲ್ಲಿಗೆ. ಅಲ್ಲೂ ಒಂದಿಷ್ಟು ಬದಲಾಗುತ್ತಿದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನಾಟಿ ಬಿಟ್ಟು ಕೂರಿಗೆಯಿಂದ ನೇರವಾಗಿ ಭತ್ತ ಬಿತ್ತುವ ಪದ್ಧತಿಯನ್ನು ಹಿಡಿದ ರೈತರಿದ್ದಾರೆ. ನೀರು ಉಳಿಯುತ್ತದೆ, ನಡು ಬಗ್ಗಿಸುವ ಕೆಲಸವೂ ತಪ್ಪುತ್ತದೆ. ಅದರ ಜೊತೆಗೇ ಹೆಣ್ಣಾಳುಗಳ ನಾಟಿ ಕೂಲಿ ಹೋಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಚೀಲದ ವಿಷಯದಲ್ಲಿ ಇಂಥ ಇಕ್ಕಟ್ಟಿಲ್ಲ. ಪಡಿತರ ಅಕ್ಕಿ ಬರುವುದು 50 ಕಿಲೋ ಚೀಲದಲ್ಲೇ. ಭತ್ತವನ್ನೂ ಅಷ್ಟಕ್ಕೆ ತುಂಬಲು ಎಪಿಎಂಸಿ, ಮಿಲ್ ಮಾಲೀಕರು, ಹಮಾಲರ ಸಂಘಗಳು ಒಂದು ಕಡೆ ಕೂತು ಮಾತಾಡಬೇಕು. ಚೀಲಕ್ಕೆ ಇಷ್ಟು ಎಂಬ ಹಮಾಲಿಯನ್ನು ಕ್ವಿಂಟಲಿಗೆ ಇಷ್ಟು ಎಂದು ಬದಲಿಸಿದರೆ ಹಗುರ ಚೀಲ ಹೊತ್ತವರ ಕೂಲಿಯೂ ಕಡಿಮೆಯಾಗುವುದಿಲ್ಲ.